ಒಲೆ ಬದಲಿಸುವ ಮುನ್ನ ಒಂದು ಲೆಕ್ಕ

2022ನೆಯ ಇಸವಿಯ ನವೆಂಬರ್ ತಿಂಗಳಿನ ಒಂದು ಬೆಳಿಗ್ಗೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಗಣಿತದ ನೋಟ್‌ಬುಕ್ಕಿನ ನಡುವೆ ಮಡಚಿಟ್ಟು ತಂದಿದ್ದ ಇ.ಬಿ. ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟನು.

"ಸಾರ್, ಗ್ಯಾಸು ಸಾವಿರ ದಾಟಿತು, ಕರೆಂಟ್ ಒಲೆ ತಂದರೆ ಖರ್ಚು ತಗ್ಗುತ್ತೆ ಅಂತ ಅಪ್ಪ ತಂದರು. ಈಗ ನೋಡಿದರೆ ಬಿಲ್ಲು ಹೆಚ್ಚುಕಡಿಮೆ ಎರಡರಷ್ಟು ಬಂದಿದೆ. ಅಮ್ಮ ಸಿಟ್ಟಿನಿಂದ ಒಲೆಯನ್ನು ಅಟ್ಟಕ್ಕೆ ಹಾಕಿದಾರೆ. ಮನೇಲಿ ಎರಡು ದಿನದಿಂದ ಯಾರೂ ಸರಿಯಾಗಿ ಮಾತಾಡುತ್ತಿಲ್ಲ."

ಆ ಮನೆಯಲ್ಲಿ ಮಗ್ಗದ ಕೂಲಿಯೇ ಜೀವನ. ಎರಡು ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಹೆಚ್ಚಾಗಿ ಕಟ್ಟಬೇಕೆಂದರೆ ಅದು ಸಣ್ಣ ಮಾತಲ್ಲ. ಹುಡುಗನ ತಂದೆ ಗ್ಯಾಸಿನ ಬೆಲೆಯನ್ನು ಮಾತ್ರ ನೋಡಿದ್ದರು. ತಾಯಿ ಕರೆಂಟಿನ ಬಿಲ್ಲನ್ನು ಮಾತ್ರ ನೋಡಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಅಂದು ತರಗತಿಯಲ್ಲಿ ಆ ಕೆಲಸವನ್ನು ಮಾಡಿದೆವು. ಪೋಷಕರಿಗೂ ಉಪಯೋಗವಾಗಬಹುದೆಂದು ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತೊಡಕು. ಗ್ಯಾಸನ್ನು ಕಿಲೋಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತೇವೆ, ವಿದ್ಯುಚ್ಛಕ್ತಿಯನ್ನು ಯೂನಿಟ್ ಲೆಕ್ಕದಲ್ಲಿ ಕೊಳ್ಳುತ್ತೇವೆ. ಒಂದು ಸೇರು ರಾಗಿಯನ್ನೂ ಒಂದು ಮೊಳ ಬಟ್ಟೆಯನ್ನೂ ಹೋಲಿಸಿ ಯಾವುದು ಅಗ್ಗ ಎಂದು ಕೇಳುವುದು ಹೇಗೆ? ಎರಡಕ್ಕೂ ಸಾಮಾನ್ಯವಾದ ಒಂದು ಕೆಲಸ ಬೇಕು. ನಾವು ಒಂದು ಲೀಟರ್ ನೀರನ್ನು ಆಯ್ದುಕೊಂಡೆವು. ನಮ್ಮೂರಿನ ಕೊಡದ ನೀರಿನ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಎಂದು ಇಟ್ಟುಕೊಳ್ಳಿರಿ. ಅದು 100 ಡಿಗ್ರಿಗೆ ಬಂದು ಕುದಿಯಲು 72 ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಡಿಗ್ರಿಗೆ ಒಂದು ಕಿಲೋಕ್ಯಾಲೊರಿ ಎಂಬುದನ್ನು ಎಂಟನೆಯ ತರಗತಿಯವರೂ ಬಲ್ಲರು.

ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ. ಅಂದರೆ 1000 ವ್ಯಾಟಿನ ಉಪಕರಣವು ಒಂದು ಗಂಟೆ ನಡೆದಾಗ ತಿನ್ನುವಷ್ಟು ಶಕ್ತಿ. ಅದು 860 ಕಿಲೋಕ್ಯಾಲೊರಿಗೆ ಸಮ. ಇಂಡಕ್ಷನ್ ಒಲೆಯು ತಾನು ಎಳೆದುಕೊಂಡ ಶಕ್ತಿಯಲ್ಲಿ ನೂರಕ್ಕೆ ಸುಮಾರು 85 ಪಾಲನ್ನು ಪಾತ್ರೆಗೆ ಕೊಡುತ್ತದೆ. ಆದುದರಿಂದ ಒಂದು ಲೀಟರ್ ನೀರನ್ನು ಕುದಿಸಲು ಬೇಕಾಗುವುದು ಹೆಚ್ಚುಕಡಿಮೆ 0.1 ಯೂನಿಟ್. ಇನ್ನು ಗ್ಯಾಸು. ಒಂದು ಗ್ರಾಂ ಅಡುಗೆ ಅನಿಲವು ಉರಿದಾಗ ಸುಮಾರು 10.8 ಕಿಲೋಕ್ಯಾಲೊರಿ ಶಾಖ ಹೊರಡುತ್ತದೆ. ಭಾರತೀಯ ಮಾನಕದ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆಯ ದಕ್ಷತೆಯು ನೂರಕ್ಕೆ 68ಕ್ಕಿಂತ ಕಡಿಮೆ ಇರಕೂಡದು. ಆ 68ನ್ನೇ ಹಿಡಿದರೆ ಒಂದು ಲೀಟರ್ ನೀರಿಗೆ 10 ಗ್ರಾಂ ಗ್ಯಾಸು. ಚಿಕ್ಕ ಪಾತ್ರೆಯಿಟ್ಟು, ಜ್ವಾಲೆಯು ಪಕ್ಕದಿಂದ ಮೇಲೆದ್ದು ಪಾತ್ರೆಯ ಹಿಡಿಯನ್ನು ಕಾಯಿಸುವಂತೆ ಉರಿಸಿದರೆ ಇನ್ನೂ ಹೆಚ್ಚು ಬೇಕು, ಅದು ಬೇರೆ ವಿಷಯ.

ನೋಡಿರಿ, ತೊಡಕು ಬಿಡಿಸಿತು: 10 ಗ್ರಾಂ ಗ್ಯಾಸು ಮಾಡುವ ಕೆಲಸವನ್ನು 0.1 ಯೂನಿಟ್ ವಿದ್ಯುತ್ತು ಮಾಡುತ್ತದೆ. ಒಂದು ಸಿಲಿಂಡರಿನಲ್ಲಿರುವ ಗ್ಯಾಸು 14.2 ಕಿಲೋ. ಎಂದಮೇಲೆ ಒಂದು ಪೂರ್ತಿ ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್ ಒಲೆಯ ಮೇಲೆ ಮಾಡಲು 140 ಯೂನಿಟ್ಟಿನಷ್ಟು ವಿದ್ಯುತ್ತು ಬೇಕು. ಈ 140 ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲಾ ಸುಲಭ.

ಈಗ ಬೆಲೆಗೆ ಬರೋಣ. 2022ರ ಜುಲೈ 6ರಂದು ಚೆನ್ನೈನಲ್ಲಿ ಸಿಲಿಂಡರಿನ ಬೆಲೆ 1068 ರೂಪಾಯಿ 50 ಪೈಸೆ ಆಗಿತ್ತು. ಊರಿಂದೂರಿಗೆ ಕೆಲವು ರೂಪಾಯಿಗಳ ವ್ಯತ್ಯಾಸ ಇರುತ್ತದೆ. ಲೆಕ್ಕಕ್ಕೆ ಚೆನ್ನೈ ಬೆಲೆಯನ್ನೇ ಹಿಡಿದಿದ್ದೇನೆ. ಆ ಬೆಲೆಗೆ ಒಂದು ಗ್ರಾಂ ಗ್ಯಾಸಿಗೆ ಏಳೂವರೆ ಪೈಸೆ, ಒಂದು ಲೀಟರ್ ನೀರಿಗೆ 75 ಪೈಸೆ. ಮೊದಲನೆಯ ಲೀಟರಿಗೂ ಅಷ್ಟೇ, ಕೊನೆಯ ಲೀಟರಿಗೂ ಅಷ್ಟೇ.

ವಿದ್ಯುತ್ತಿನ ಬೆಲೆ ಹಾಗಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿದೆ. ತಮಿಳುನಾಡಿನಲ್ಲಿ ಮನೆಗಳ ಮೀಟರನ್ನು ಎರಡು ತಿಂಗಳಿಗೊಮ್ಮೆ ಓದುವ ಪದ್ಧತಿ. 2016ರ ಮೇ ತಿಂಗಳಿನಿಂದ ಮೊದಲ 100 ಯೂನಿಟ್ ಉಚಿತವಾಯಿತು. 2022ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ದರದಂತೆ, 101ರಿಂದ 200ರ ವರೆಗೆ ಯೂನಿಟ್ಟಿಗೆ 2 ರೂಪಾಯಿ 25 ಪೈಸೆ; 201ರಿಂದ 400ರ ವರೆಗೆ 4 ರೂಪಾಯಿ 50 ಪೈಸೆ; 401ರಿಂದ 500ಕ್ಕೆ 6 ರೂಪಾಯಿ; 501ರಿಂದ 600ಕ್ಕೆ 8; 601ರಿಂದ 800ಕ್ಕೆ 9; 801ರಿಂದ 1000ಕ್ಕೆ 10; ಅದಕ್ಕೂ ಮೇಲೆ 11 ರೂಪಾಯಿ. ನಮ್ಮ ಲೀಟರ್ ನೀರಿನ ಭಾಷೆಯಲ್ಲಿ ಹೇಳುವುದಾದರೆ, ಎರಡನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ನೀರು ಕುದಿಸಲು ಸುಮಾರು 22 ಪೈಸೆ, ಮೂರನೆಯದರಲ್ಲಿ 45 ಪೈಸೆ, ನಾಲ್ಕನೆಯದರಲ್ಲಿ 60 ಪೈಸೆ, ಐದನೆಯದರಲ್ಲಿ 80 ಪೈಸೆ. ಗ್ಯಾಸಿಗೆ 75 ಪೈಸೆ ಎಂಬುದು ಮರೆತಿಲ್ಲ ತಾನೆ? ಹಾಗಾದರೆ 500 ಯೂನಿಟ್ಟಿನ ಒಳಗೆ ವಿದ್ಯುತ್ತು ಅಗ್ಗ, ಅದನ್ನು ದಾಟಿದರೆ ಗ್ಯಾಸು ಅಗ್ಗ.

ಆದರೆ ಇಷ್ಟಕ್ಕೇ ಕೈ ತೊಳೆದುಕೊಂಡರೆ ಸಾಲದು. 500ರ ಮೆಟ್ಟಿಲಿನಲ್ಲಿ ಒಂದು ಗುಂಡಿ ಇದೆ. 500 ದಾಟದ ಮನೆಗೆ ಮಾತ್ರ ಎರಡನೆಯ ನೂರು ಯೂನಿಟ್ 2 ರೂಪಾಯಿ 25 ಪೈಸೆಗೆ ಸಿಗುತ್ತಿತ್ತು. ದಾಟಿದ ಮನೆಗೆ ಆ ನೂರು ಯೂನಿಟ್ಟಿಗೂ 4 ರೂಪಾಯಿ 50 ಪೈಸೆಯಂತೆ ಲೆಕ್ಕ ಹಾಕುತ್ತಿದ್ದರು. ಗುಣಿಸಿ ನೋಡಿರಿ. ಸರಿಯಾಗಿ 500 ಯೂನಿಟ್ ಉರಿಸಿದ ಮನೆಯ ಬಿಲ್ಲು 1725 ರೂಪಾಯಿ. 501 ಉರಿಸಿದ ಮನೆಯ ಬಿಲ್ಲು 1958 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 8 ರೂಪಾಯಿ ಅಲ್ಲ, 233 ರೂಪಾಯಿ! ಕರಿಹಲಗೆಯ ಮೇಲೆ ಇದನ್ನು ಬರೆದಾಗ ಹುಡುಗರು ತಪ್ಪು ಗುಣಿಸಿದ್ದೇನೆಂದು ನಕ್ಕರು. ಅವರೇ ಬಂದು ಮತ್ತೆ ಗುಣಿಸಿದರು. ಉತ್ತರ ಅದೇ ಬಂತು.

ಈಗ ಆ ಹುಡುಗನ ಮನೆಯ ಕಾರ್ಡನ್ನು ತೆಗೆದುಕೊಳ್ಳೋಣ. ಒಲೆ ತರುವ ಮೊದಲು ಎರಡು ತಿಂಗಳಿಗೆ 430 ಯೂನಿಟ್. ಹೊಸ ದರದಲ್ಲಿ ಅದಕ್ಕೆ ಆಗುತ್ತಿದ್ದುದು 1305 ರೂಪಾಯಿ. ಅವರಿಗೆ ಎರಡು ತಿಂಗಳಿಗೆ ಒಂದು ಸಿಲಿಂಡರ್ ಸಾಲುತ್ತಿತ್ತು. ಅಡುಗೆಯನ್ನೆಲ್ಲಾ ಹೊಸ ಒಲೆಗೆ ತಂದಾಗ 140 ಯೂನಿಟ್ ಸೇರಿ 570 ಆಯಿತು. ಬಿಲ್ಲು 2510 ರೂಪಾಯಿ. ಹೆಚ್ಚಾದುದು 1205. ಉಳಿದ ಸಿಲಿಂಡರಿನ ಬೆಲೆ 1068 ರೂಪಾಯಿ 50 ಪೈಸೆ. ನಷ್ಟ 136 ರೂಪಾಯಿ 50 ಪೈಸೆ. ಒಲೆಗೆ ಕೊಟ್ಟ ಹಣ ಬೇರೆ. ತಾಯಿ ಹೇಳಿದಂತೆ ನಷ್ಟ ಆದುದು ನಿಜ. ಆದರೆ ಅವರು ಹೆದರಿದಷ್ಟು ಅಲ್ಲ.

ಅದೇ ಒಲೆ ಬೇರೊಂದು ಮನೆಗೆ ಹೋಗಿದ್ದರೆ? ಎರಡು ಬಲ್ಬು, ಒಂದು ಫ್ಯಾನು, ಒಂದು ಟಿ.ವಿ. ಇರುವ ಮನೆ, ಎರಡು ತಿಂಗಳಿಗೆ 160 ಯೂನಿಟ್, ಬಿಲ್ಲು 135 ರೂಪಾಯಿ. 140 ಸೇರಿದರೆ 300 ಯೂನಿಟ್, ಬಿಲ್ಲು 675. ಹೆಚ್ಚಾದುದು 540, ಉಳಿದುದು 1068 ರೂಪಾಯಿ 50 ಪೈಸೆ. ಎರಡು ತಿಂಗಳಿಗೆ ಐನೂರಕ್ಕೂ ಮೀರಿ ಲಾಭ! ಒಲೆ ಅದೇ, ದರಪಟ್ಟಿ ಅದೇ, ಗ್ಯಾಸಿನ ಬೆಲೆಯೂ ಅದೇ. ಮನೆ ನಿಂತಿದ್ದ ಮೆಟ್ಟಿಲು ಬೇರೆ. "ಪಕ್ಕದ ಮನೆಯವರಿಗೆ ಲಾಭ ಆಯಿತಂತೆ, ನಾವೂ ತರೋಣ" ಎಂಬ ಮಾತು ಎಷ್ಟು ಅಪಾಯದ್ದು ನೋಡಿರಿ. ವಿಚಿತ್ರವೆಂದರೆ ಇಂಡಕ್ಷನ್ ಒಲೆಯನ್ನು ಮೊದಲು ಕೊಳ್ಳುವವರು ಫ್ರಿಜ್ಜು, ಎ.ಸಿ. ಇರುವ ಮನೆಯವರು, ಲಾಭ ಇರುವುದು ಅದನ್ನು ಕೊಳ್ಳಲು ಹಿಂದೆಮುಂದೆ ನೋಡುವ ಬಡವರ ಮನೆಯಲ್ಲಿ. ಉಜ್ವಲಾ ಯೋಜನೆಯ ಸಂಪರ್ಕ ಇದ್ದವರಿಗೆ ಮಾತ್ರ ಈ ಲಾಭ ಸ್ವಲ್ಪ ಕಡಿಮೆ. ಏಕೆಂದರೆ 2022ರ ಮೇ ತಿಂಗಳಿನಿಂದ ಅವರಿಗೆ ಸಿಲಿಂಡರಿಗೆ 200 ರೂಪಾಯಿ ಸಹಾಯಧನ ಬಂತು, 2023ರ ಅಕ್ಟೋಬರಿನಲ್ಲಿ ಅದು 300 ಆಯಿತು.

ಇಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದ ಪ್ರಶ್ನೆ ಬಹಳ ಚೆನ್ನಾಗಿತ್ತು. "ಸಾರ್, ನಮ್ಮ ಊರಿನ ಹತ್ತಿರವೇ ಮೆಟ್ಟೂರು ಇದೆ. ಕರೆಂಟು ಅಲ್ಲೇ ತಯಾರಾಗುತ್ತೆ. ನಮಗೆ ಯಾಕೆ ಕಡಿಮೆಗೆ ಕೊಡೋದಿಲ್ಲ? ಬೇರೆ ಕಂಪನಿಯಿಂದ ತಗೊಳ್ಳೋಕೆ ಆಗೋದಿಲ್ವಾ?"

ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಅಲ್ಲಿ ವಿದ್ಯುಚ್ಛಕ್ತಿ ಉತ್ಪಾದನೆ ಆರಂಭವಾದದ್ದು 1937ರಲ್ಲಿ. ಆಮೇಲೆ ಕಲ್ಲಿದ್ದಲಿನ ಉಷ್ಣಸ್ಥಾವರವೂ ಬಂತು. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ತು ರಾಜ್ಯದ ಒಂದೇ ಜಾಲಕ್ಕೆ ಸೇರುತ್ತದೆ. ಏರಿಯ ನೀರಿಗೆ ಯಾವ ಹಳ್ಳದ್ದೆಂದು ಗುರುತು ಉಂಟೆ? ರಾಜ್ಯದ ಎಲ್ಲ ಮನೆಗಳಿಗೂ ಒಂದೇ ದರ, ಒಂದೇ ಸರಬರಾಜುದಾರ. 1957ರಿಂದ ತಮಿಳುನಾಡು ವಿದ್ಯುಚ್ಛಕ್ತಿ ಮಂಡಲಿ ಇತ್ತು. 2010ರಲ್ಲಿ ಅದನ್ನು ವಿಂಗಡಿಸಿ ವಿತರಣೆಗೆ ಬೇರೆ ನಿಗಮ ಮಾಡಿದರು. ಜನರ ಬಾಯಲ್ಲಿ ಮಾತ್ರ ಅದು ಇ.ಬಿ. ಆಗಿಯೇ ಉಳಿಯಿತು.

ಬೇರೆ ಕಡೆ ಮನೆಯವರೇ ಸರಬರಾಜುದಾರನನ್ನು ಆರಿಸಿಕೊಳ್ಳುವುದು ಉಂಟು. ಬ್ರಿಟನ್ನಿನಲ್ಲಿ ಗ್ಯಾಸಿಗೆ 1998ರ ಹೊತ್ತಿಗೆ, ವಿದ್ಯುತ್ತಿಗೆ 1999ರ ಹೊತ್ತಿಗೆ ಎಲ್ಲ ಮನೆಗಳಿಗೂ ಈ ಸ್ವಾತಂತ್ರ್ಯ ಬಂತು. ಅಲ್ಲಿ ನೆಲಸಿದ ಕನ್ನಡ ಕುಟುಂಬಗಳೂ ಬಿಲ್ಲನ್ನು ಮುಂದಿಟ್ಟುಕೊಂಡು ಹೋಲಿಸಬೇಕು. ಅಲ್ಲಿನ ಬಿಲ್ಲಿನಲ್ಲಿ ಎರಡು ಭಾಗ: ಯೂನಿಟ್ಟಿನ ಬೆಲೆ ಒಂದು, ಏನೂ ಉರಿಸದಿದ್ದರೂ ದಿನಕ್ಕಿಷ್ಟು ಎಂದು ಕಟ್ಟಬೇಕಾದ ನಿಂತ ಶುಲ್ಕ ಇನ್ನೊಂದು. ಒಬ್ಬ ಮುದುಕಿ ಒಂಟಿಯಾಗಿರುವ ಮನೆಗೆ ನಿಂತ ಶುಲ್ಕ ಕಡಿಮೆ ಇರುವ ಕಂಪನಿ ಮೇಲು; ಐದಾರು ಜನರ ಮನೆಗೆ ಯೂನಿಟ್ ಬೆಲೆ ಕಡಿಮೆ ಇರುವ ಕಂಪನಿ ಮೇಲು. ಬೆಲೆಯೊಂದನ್ನೇ ನೋಡಿದರೂ ಸಾಲದು. 2021ರಲ್ಲಿ ಗ್ಯಾಸಿನ ಸಗಟು ಬೆಲೆ ಏರಿದಾಗ ಅಗ್ಗಕ್ಕೆ ಮಾರುತ್ತಿದ್ದ ಎಷ್ಟೋ ಕಂಪನಿಗಳು ಮುಳುಗಿದವು. ಸುಮಾರು 17 ಲಕ್ಷ ಗಿರಾಕಿಗಳಿದ್ದ ಬಲ್ಬ್ ಎಂಬ ಕಂಪನಿಯನ್ನು ಆ ವರ್ಷದ ನವೆಂಬರಿನಲ್ಲಿ ವಿಶೇಷ ಆಡಳಿತಕ್ಕೆ ಒಪ್ಪಿಸಬೇಕಾಯಿತು.

ಅಷ್ಟು ದೂರ ಏಕೆ? ಕನ್ನಡಿಗರು ಬಹಳ ಮಂದಿ ಇರುವ ಮುಂಬಯಿಯ ಉಪನಗರಗಳಲ್ಲಿಯೂ, 2008ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ, 2009ರಿಂದ ಮನೆಯವರು ರಿಲಯನ್ಸ್ ಬಿಟ್ಟು ಟಾಟಾ ಪವರ್‌ಗೆ ಬದಲಾಯಿಸಲು ಅವಕಾಶ ಬಂತು. 2018ರಲ್ಲಿ ರಿಲಯನ್ಸಿನ ಆ ವ್ಯವಹಾರ ಅದಾನಿ ಕಂಪನಿಗೆ ಹೋಯಿತು. ಕಂಪನಿ ಬದಲಾದರೂ ಎಷ್ಟೋ ಮನೆಗಳಿಗೆ ಬರುವ ತಂತಿ ಹಳೆಯ ಕಂಪನಿಯದೇ. ಆದುದರಿಂದ ತಂತಿಯ ಬಾಡಿಗೆಯನ್ನು ಅದರ ಒಡೆಯನಿಗೆ ಕಟ್ಟಬೇಕು. ಹೊಸಬನ ಯೂನಿಟ್ ಬೆಲೆಯನ್ನು ನೋಡಿ ಕುಣಿದವರು ಈ ಬಾಡಿಗೆಯನ್ನು ಕೂಡಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಕರ್ನಾಟಕದಲ್ಲಿ ನಮ್ಮ ನಂಟರಿದ್ದಾರೆ. ಅವರು ಹಬ್ಬಕ್ಕೆ ಬಂದಾಗ "ನಮಗೆ 200 ಯೂನಿಟ್ ಬಿಟ್ಟಿ" ಎನ್ನುತ್ತಾರೆ. 2023ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಎಂಬುದು ಮೇಲಿನ ಗಡಿ. ಆರಂಭದಲ್ಲಿ ಪ್ರತಿ ಮನೆಗೂ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿದಷ್ಟೇ ಉಚಿತವಾಗಿತ್ತು. 200 ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ಲು ಕಟ್ಟಬೇಕು ಎಂದು ನಿಯಮ ಮಾಡಿದರು. ಅಲ್ಲಿಯೂ ಒಂದು ಗುಂಡಿ ಇದ್ದೇ ಇದೆ. ಅವರ ಮಾತು ಕೇಳಿ ನಾವು ಒಲೆ ಕೊಳ್ಳುವುದೂ, ನಮ್ಮ ಮಾತು ಕೇಳಿ ಅವರು ಕೊಳ್ಳುವುದೂ ಬೇಡ.

ಗ್ಯಾಸಿನಲ್ಲಿ ನಾವು ಕಂಪನಿಯನ್ನು ಬದಲಿಸಬಹುದು. 2014ರ ಜನವರಿಯಿಂದ ಇಂಡೇನ್, ಭಾರತ್, ಎಚ್.ಪಿ. ಈ ಮೂರರ ನಡುವೆ ಸಂಪರ್ಕವನ್ನು ವರ್ಗಾಯಿಸಿಕೊಳ್ಳುವ ಸೌಲಭ್ಯವನ್ನು ದೇಶದ ಬಹುಭಾಗಕ್ಕೆ ವಿಸ್ತರಿಸಿದರು. ಆದರೆ ಒಂದು ಊರಿನಲ್ಲಿ ಮನೆಬಳಕೆಯ ಸಿಲಿಂಡರಿಗೆ ಮೂರೂ ಕಂಪನಿಗಳ ಬೆಲೆ ಒಂದೇ. ಹೇಳಿದ ದಿನಕ್ಕೆ ತಂದುಕೊಡುತ್ತಾರೆಯೇ, ತೂಕ ಸರಿಯಾಗಿದೆಯೇ ಎಂಬುದಕ್ಕಾಗಿ ಬದಲಿಸಬೇಕೇ ಹೊರತು ಹಣ ಉಳಿಯುತ್ತದೆಂದು ಅಲ್ಲ. ಸಿಲಿಂಡರಿನ ಮೇಲೆ ಖಾಲಿ ತೂಕವನ್ನು ಬರೆದಿರುತ್ತಾರೆ. ಅದಕ್ಕೆ 14.2 ಕಿಲೋ ಸೇರಿಸಿದರೆ ತುಂಬಿದ ಸಿಲಿಂಡರಿನ ತೂಕ. ತಂದವರ ಎದುರಿಗೇ ತೂಗಿಸಿ ನೋಡಲು ನಾಚಿಕೆ ಬೇಡ.

ಬೆಲೆಯ ಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ಇಂಡಕ್ಷನ್ ಒಲೆಗೆ ಆಯಸ್ಕಾಂತ ಅಂಟುವ ತಳದ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಬೋಸಿ, ಹಿತ್ತಾಳೆ ತಪ್ಪಲೆ, ಮಣ್ಣಿನ ಗಡಿಗೆ ಅದರ ಮೇಲೆ ಬಿಸಿಯಾಗುವುದಿಲ್ಲ. ರಾಗಿ ಮುದ್ದೆ ತಿರುವುವಾಗ ನುಣುಪಾದ ಗಾಜಿನ ಮೇಲೆ ಪಾತ್ರೆ ನಿಲ್ಲದೆ ಜಾರುತ್ತದೆಂದು ನನ್ನ ಮನೆಯಲ್ಲಿಯೇ ದೂರು ಇದೆ. 2000 ವ್ಯಾಟಿನ ಒಲೆಯು ಸುಮಾರು 9 ಆಂಪಿಯರ್ ಎಳೆಯುತ್ತದೆ. ರೇಡಿಯೋ ಹಾಕುವ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ತಂತಿ ಕಾಯುತ್ತದೆ. ದೊಡ್ಡ ಪ್ಲಗ್ಗು, ಸರಿಯಾದ ಅರ್ತ್ ಬೇಕು. ಕರೆಂಟು ಹೋದಾಗ ಅನ್ನ ಅರ್ಧಕ್ಕೆ ನಿಲ್ಲುತ್ತದೆ. ಆದುದರಿಂದ ಗ್ಯಾಸ್ ಸಂಪರ್ಕವನ್ನು ಹಿಂದಿರುಗಿಸುವ ಯೋಚನೆ ಯಾರೂ ಮಾಡಕೂಡದು.

ಮಗ್ಗದ ಮನೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. 2023ರಲ್ಲಿ ಪವರ್‌ಲೂಮಿಗೆ ಎರಡು ತಿಂಗಳಿಗೆ 1000 ಯೂನಿಟ್, ಕೈಮಗ್ಗಕ್ಕೆ 300 ಯೂನಿಟ್ ಉಚಿತ ಎಂದು ಏರಿಸಿದರು. ಅಲ್ಲಿ ಉಳಿದ ಯೂನಿಟ್ಟಿನಲ್ಲಿ ಅಡುಗೆ ಮಾಡಿದರೇನು ಎಂದು ಜಾಣರು ಯೋಚಿಸುತ್ತಾರೆ. ಒಂದು ಕೆಲಸಕ್ಕೆಂದು ಕೊಟ್ಟ ಸಂಪರ್ಕವನ್ನು ಇನ್ನೊಂದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆ. ಅದಕ್ಕೆ ದುಪ್ಪಟ್ಟು ದರದಲ್ಲಿ ಹಣ ಕಟ್ಟಿಸುತ್ತಾರೆ. ಮಗ್ಗದ ಸೌಲಭ್ಯಕ್ಕೆ ಕುತ್ತು ತಂದುಕೊಂಡು ಸಾರು ಕುದಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಈ ಬರಹದ ಅಂಕಿಗಳನ್ನು ಯಾರೂ ಹಾಗೆಯೇ ನಂಬಿ ಕೂರಬಾರದು. ಚೆನ್ನೈನಲ್ಲಿ ಸಿಲಿಂಡರ್ 2023ರ ಮಾರ್ಚಿಯಲ್ಲಿ 1118 ರೂಪಾಯಿ 50 ಪೈಸೆಗೆ ಏರಿತು. ಆಗಸ್ಟ್ ಕೊನೆಗೆ 200 ಇಳಿದು 918 ರೂಪಾಯಿ 50 ಪೈಸೆ ಆಯಿತು. 2024ರ ಮಾರ್ಚಿಯಲ್ಲಿ ಇನ್ನೂ 100 ಇಳಿಯಿತು. 2025ರ ಏಪ್ರಿಲ್ 8ರಂದು 50 ಏರಿ 868 ರೂಪಾಯಿ 50 ಪೈಸೆ ಆಯಿತು. ಈ ಕೊನೆಯ ಬೆಲೆಗೆ ಒಂದು ಲೀಟರ್ ನೀರಿಗೆ 61 ಪೈಸೆ. ಅತ್ತ 2024ರ ಜುಲೈಯಲ್ಲಿ ವಿದ್ಯುತ್ ದರವೂ ಸ್ವಲ್ಪ ಏರಿತು. ಹೀಗಾಗಿ 401ರಿಂದ 500ರ ಮೆಟ್ಟಿಲಿನಲ್ಲಿ 2022ರಲ್ಲಿ ಇದ್ದ ಲಾಭ ಅಳಿದುಹೋಯಿತು. 400ರ ಒಳಗಿನವರಿಗೆ ಮಾತ್ರ ಉಳಿಯಿತು. ಓದುವವರು ತಮ್ಮ ಕಾರ್ಡನ್ನೂ ಕೊನೆಯ ಗ್ಯಾಸ್ ರಸೀತಿಯನ್ನೂ ಮುಂದಿಟ್ಟುಕೊಂಡು, 10 ಗ್ರಾಂ ಗ್ಯಾಸಿನ ಬೆಲೆ ಎಷ್ಟು, ತಾವು ನಿಂತ ಮೆಟ್ಟಿಲಿನಲ್ಲಿ 0.1 ಯೂನಿಟ್ಟಿನ ಬೆಲೆ ಎಷ್ಟು ಎಂದು ಗುಣಿಸಿಕೊಳ್ಳಬೇಕು. ಆಮೇಲೆ 140 ಯೂನಿಟ್ ಸೇರಿಸಿದರೆ ಯಾವ ಮೆಟ್ಟಿಲಿಗೆ ಹೋಗುತ್ತೇವೆಂದು ನೋಡಬೇಕು. ಮೀಟರ್ ಓದಿದ ದಿನಾಂಕವನ್ನೂ ಗಮನಿಸಿರಿ. 60 ದಿನಕ್ಕೆ ಆಗಬೇಕಾದ ಓದು 66 ದಿನಕ್ಕೆ ಆದರೆ, 470ರಲ್ಲಿ ನಿಲ್ಲಬೇಕಾದ ಮನೆ ಗುಂಡಿಗೆ ಬೀಳುತ್ತದೆ.

ಆ ಹುಡುಗನ ಮನೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅವನು ತಾಯಿಯನ್ನು ಒಪ್ಪಿಸಿ ಒಲೆಯನ್ನು ಅಟ್ಟದಿಂದ ಇಳಿಸಿದನು. ಸ್ನಾನದ ನೀರು, ಅನ್ನ, ಹಾಲು ಮಾತ್ರ ಅದರ ಮೇಲೆ. ಮುದ್ದೆ, ರೊಟ್ಟಿ, ಒಗ್ಗರಣೆ ಎಲ್ಲ ಗ್ಯಾಸಿನ ಮೇಲೆ ಎಂದು ಗೊತ್ತುಮಾಡಿಕೊಂಡರು. ಚಳಿಗಾಲವಾದುದರಿಂದ ಫ್ಯಾನು ಕಡಿಮೆ ತಿರುಗಿತು. ಪ್ರತಿ ಭಾನುವಾರ ಅವನು ಮೀಟರಿನ ಅಂಕಿಯನ್ನು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡುತ್ತಿದ್ದನು. 2023ರ ಜನವರಿಯ ಓದಿನಲ್ಲಿ 480 ಯೂನಿಟ್ ಬಂತು, ಬಿಲ್ಲು 1605 ರೂಪಾಯಿ. ಒಲೆಯ ಪಾಲು ಅದರಲ್ಲಿ ಸುಮಾರು 120 ಯೂನಿಟ್, ಅಂದರೆ 660 ರೂಪಾಯಿ. ಅಷ್ಟೇ ಕೆಲಸಕ್ಕೆ 12 ಕಿಲೋ ಗ್ಯಾಸು, 903 ರೂಪಾಯಿ ಆಗುತ್ತಿತ್ತು. ಉಳಿದುದು 243 ರೂಪಾಯಿ.

ಬೇಸಗೆ ಬಂದಾಗ, ಏಪ್ರಿಲ್ ಎರಡನೆಯ ವಾರದಲ್ಲಿ, ಗೋಡೆಯ ಅಂಕಿ ಏರುವ ವೇಗವನ್ನು ನೋಡಿ ತಾಯಿಯೇ ಒಲೆಯ ಪ್ಲಗ್ಗನ್ನು ಕಿತ್ತಿಟ್ಟರಂತೆ. "ಮಳೆ ಬಿದ್ದ ಮೇಲೆ ಮತ್ತೆ ಹಾಕೋಣ, ಗೋಡೆ ಮೇಲೆ ಬರೆಯೋದು ಮಾತ್ರ ಬಿಡಬೇಡ ಕಣೋ" ಎಂದರಂತೆ.